ಉಪ್ಪಾಗೆ ಕ್ಯಾಪ್ಸೂಲ್ ಪರೀಕ್ಷೆ: ಎಚ್‌ಪಿಎಲ್‌ಸಿ ಸಾಕೋ, ಮಾಸ್ ಸ್ಪೆಕ್ಟ್ರೋಮೆಟ್ರಿ ಬೇಕೋ?

ಶಿರಸಿ ಕಡೆಯ ಉಪ್ಪಾಗೆ (ಗಾರ್ಸಿನಿಯಾ ಜಾತಿಯ ಹುಳಿ ಹಣ್ಣು) ಸಿಪ್ಪೆಯಿಂದ ತೂಕ ಇಳಿಸಲೆಂದು ಮಾರುವ ಕ್ಯಾಪ್ಸೂಲ್ ಮಾಡಿ, ಲೇಬಲ್ ಮೇಲೆ ಆ ಸಿಪ್ಪೆಯ ಹುಳಿ ಅಂಶವಾದ ‘ಹೈಡ್ರಾಕ್ಸಿಸಿಟ್ರಿಕ್ ಆಮ್ಲ 60%’ ಅಂತ ಹಾಕುವುದಾದರೆ ಅದನ್ನು ಅಳೆಯಲೇಬೇಕು, ಅಲ್ವಾ?

ಬರೀ ಶೇಕಡಾ ಲೆಕ್ಕಕ್ಕೆ ಯುವಿ (ಅತಿನೇರಳೆ ಬೆಳಕಿನ) ಡಿಟೆಕ್ಟರ್ ಇರುವ ಎಚ್‌ಪಿಎಲ್‌ಸಿ, ಅಂದರೆ ದ್ರಾವಣದ ಅಂಶಗಳನ್ನು ಕಾಲಂ ಎಂಬ ಕೊಳವೆಯಲ್ಲಿ ಬೇರ್ಪಡಿಸಿ ಅಳೆಯುವ ಯಂತ್ರ, ಸಾಕು. ಖರ್ಚೂ ಕಡಿಮೆ. ಆದರೆ ಅಳೆಯುವುದು 210 ನ್ಯಾನೋಮೀಟರ್ ಆಸುಪಾಸಿನ ಬೆಳಕಿನಲ್ಲಿ. ಅಲ್ಲಿ ಸಿಟ್ರಿಕ್ ಆಮ್ಲವೂ ಕಾಣುತ್ತದೆ. ಕಾಲಂನಲ್ಲಿ ಎರಡೂ ಸರಿಯಾಗಿ ಬೇರೆಯಾಗದಿದ್ದರೆ ಅಂಕಿ ಸುಮ್ನೆ ಉಬ್ಬುತ್ತದೆ.

ಎಲ್‌ಸಿ-ಎಂಎಸ್, ಅಂದರೆ ಅದೇ ಬಗೆಯ ಕಾಲಂಗೆ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದ ಯಂತ್ರ, ಅಣುವಿನ ತೂಕ ನೋಡುತ್ತದೆ. ನೆಗೆಟಿವ್ ಅಯಾನಾಗಿ (ಋಣ ವಿದ್ಯುದಾವೇಶದ ಕಣವಾಗಿ) ನಮ್ಮ ಹೈಡ್ರಾಕ್ಸಿಸಿಟ್ರಿಕ್ ಆಮ್ಲ 207, ಸಿಟ್ರಿಕ್ ಆಮ್ಲ 191. ನಮ್ಮ ಆಮ್ಲ ನೀರು ಬಿಟ್ಟು ಉಂಗುರದ ರೂಪದ ಲ್ಯಾಕ್ಟೋನ್ ಆದರೆ 189. ಮಳೆಗಾಲದಲ್ಲಿ ಬೆಂಕಿ ಮೇಲೆ ಒಣಗಿಸುವ ನಮ್ಮೂರ ಸಿಪ್ಪೆಯಲ್ಲಿ ಈ ಲ್ಯಾಕ್ಟೋನ್ ಮೇಲೂ ಕಣ್ಣಿಡಬೇಕು. ಹಾಗಂತ ತೂಕ ಎಲ್ಲವನ್ನೂ ಹೇಳುವುದಿಲ್ಲ. ದಾಸವಾಳದ ಜಾತಿಯಲ್ಲಿ ಸಿಗುವ ಐಸೋಮರ್‌ಗೂ (ಅದೇ ಪರಮಾಣುಗಳ ಬೇರೆ ಜೋಡಣೆಗೂ) ಅದೇ 207! ಒಳ್ಳೆಯ ಕಾಲಂ ಇಲ್ಲೂ ಬೇಕು.

ಮಾಸ್ ನಿಜಕ್ಕೂ ಗೆಲ್ಲುವುದು ಕಲಬೆರಕೆ ಹಿಡಿಯುವಲ್ಲಿ. ತೂಕ ಇಳಿಸುವ ಉತ್ಪನ್ನಗಳಲ್ಲಿ ಸಿಬುಟ್ರಮಿನ್ ಬೆರೆಸಿದ್ದು ಹಲವೆಡೆ ಸಿಕ್ಕಿದೆ. ಅಮೆರಿಕದಲ್ಲಿ 2010ರಲ್ಲೇ ಮಾರುಕಟ್ಟೆಯಿಂದ ತೆಗೆದ ಔಷಧ ಅದು. ಸಾರದ ಪುಡಿಯನ್ನು ಹೊರಗಿಂದ ಕೊಳ್ಳುವವರು ಇದಕ್ಕೆ ದುಡ್ಡು ಹಾಕಲಿ. ಸ್ವಂತ ಸಿಪ್ಪೆಯಿಂದಲೇ ಮಾಡುವವರಿಗೆ ಪ್ರತಿ ಬ್ಯಾಚ್‌ಗೆ ಎಚ್‌ಪಿಎಲ್‌ಸಿ ಮಾಡಿಸಿದರೆ ಸಾಕು ಅನ್ನುವೆ.