ನೆಹರೂ ಗಂಜಿನ ಸಗಟು ಕಿರಾಣಿ ಅಂಗಡಿಯಲ್ಲಿ ಒಂಬತ್ತು ತಿಂಗಳು: ಸಾಲ ತೀರಿಸುವ ಮನೆಯೊಂದರ ಲೆಕ್ಕ

ಕಲಬುರಗಿಯ ಸಗಟು ಧಾನ್ಯ ಮಾರುಕಟ್ಟೆಯಾದ ನೆಹರೂ ಗಂಜಿನಲ್ಲಿ ಅಡತಿ (ಕಮಿಷನ್ ವ್ಯಾಪಾರದ) ಅಂಗಡಿಗಳ ಸಾಲಿನ ಕೊನೆಗೆ ಒಂದು ಸಗಟು ಕಿರಾಣಿ ಅಂಗಡಿ ಇದೆ. ಸಂಕ್ರಾಂತಿ ಮುಗಿದ ಮರುವಾರದಿಂದ ಇಲ್ಲಿಯವರೆಗೆ, ಅಂದರೆ ಒಂಬತ್ತು ತಿಂಗಳು, ನಮ್ಮ ಮನೆಯ ಜೋಳ, ತೊಗರಿಬೇಳೆ, ಕಡಲೆಬೇಳೆ, ಹೆಸರು, ಅಕ್ಕಿ, ಸಕ್ಕರೆಗಳೆಲ್ಲ ಅಲ್ಲಿಂದಲೇ ಬಂದಿವೆ. ಅದೇ ಬಗೆಯ ಅಂಗಡಿಗಳು ಗಂಜಿನಲ್ಲಿ ಹಲವು ಇವೆ; ಮುಂದೆ ಕೆಲವು ದೂರುಗಳನ್ನೂ ಬರೆಯಬೇಕಾಗಿದೆ. ಆದ್ದರಿಂದ ಅಂಗಡಿಯ ಹೆಸರು ಹೇಳುತ್ತಿಲ್ಲ. ಸಾಲದ ಹೊರೆಯಲ್ಲಿರುವ ಒಂದು ಕುಟುಂಬಕ್ಕೆ ಇಂಥ ಅಂಗಡಿಯಿಂದ ನಿಜವಾಗಿ ಎಷ್ಟು ನೆರವಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂಬುದನ್ನು ಅಂಕಿಗಳ ಸಮೇತ ಹೇಳಬೇಕೆಂಬುದೇ ನನ್ನ ಉದ್ದೇಶ.

ಮೊದಲು ಸಾಲದ ಮಾತು. ಅತ್ತೆಯವರ ಶಸ್ತ್ರಚಿಕಿತ್ಸೆಗೆಂದು ನಾವು ಒಂದು ವೈಯಕ್ತಿಕ ಸಾಲ ತೆಗೆದಿದ್ದೆವು. ಅದು ಸಾಲದೆ ಕ್ರೆಡಿಟ್ ಕಾರ್ಡಿನಲ್ಲಿ 68,000 ರೂಪಾಯಿ ಬಾಕಿ ಉಳಿಯಿತು. ಕಾರ್ಡಿನ ಬಡ್ಡಿ ತಿಂಗಳಿಗೆ ಶೇಕಡಾ 3.5. ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿಯೂ ಸೇರುತ್ತದೆ. ತಿಂಗಳಿಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತವೆಂದು 3,400 ರೂಪಾಯಿ ಕಟ್ಟುತ್ತಿದ್ದೆವು. ಆದರೆ 68,000ಕ್ಕೆ ಒಂದು ತಿಂಗಳ ಬಡ್ಡಿ 2,380, ಅದರ ತೆರಿಗೆ 428, ಎರಡೂ ಸೇರಿ 2,808 ರೂಪಾಯಿ. ನಾವು ಕಟ್ಟಿದ 3,400ರಲ್ಲಿ ಅಸಲಿಗೆ ಹೋಗುತ್ತಿದ್ದುದು 600 ರೂಪಾಯಿಯೂ ಅಲ್ಲ. ಹೊಸದಾಗಿ ಒಂದು ಪೈಸೆಯನ್ನೂ ಕಾರ್ಡಿಗೆ ಹಚ್ಚದೆ ಪ್ರತಿ ತಿಂಗಳು ಅಷ್ಟೇ ಕಟ್ಟುತ್ತ ಹೋದರೂ ಋಣ ತೀರಲು ಮೂರೂವರೆ ವರ್ಷ ದಾಟುತ್ತದೆ. ಒಟ್ಟು ಕೈಬಿಟ್ಟು ಹೋಗುವ ಹಣ ಸುಮಾರು 1,47,000 ರೂಪಾಯಿ. ಈ ಲೆಕ್ಕವನ್ನು ಒಂದು ರಾತ್ರಿ ಕಾಗದದ ಮೇಲೆ ಬರೆದು ನೋಡಿದಾಗ ನಮ್ಮಿಬ್ಬರಿಗೂ ನಿದ್ದೆ ಬರಲಿಲ್ಲ. ಸಂಬಳ ಹೆಚ್ಚುವ ದಾರಿ ಇರಲಿಲ್ಲ. ಮನೆ ಬಾಡಿಗೆ, ಮಕ್ಕಳ ಶಾಲೆ, ಅತ್ತೆಯವರ ಔಷಧಿ, ಇವು ಯಾವುವನ್ನೂ ಮುಟ್ಟುವಂತಿರಲಿಲ್ಲ. ಕೈ ಹಾಕಲು ಉಳಿದದ್ದು ತಿಂಗಳಿಗೆ 11,400 ರೂಪಾಯಿ ತಿನ್ನುತ್ತಿದ್ದ ಕಿರಾಣಿಯ ಖರ್ಚು ಮಾತ್ರ.

ನಮ್ಮ ಓಣಿಯ ಅಂಗಡಿಯಲ್ಲಿ ಉದ್ರಿ ನಡೆಯುತ್ತಿತ್ತು. ಪುಸ್ತಕದಲ್ಲಿ ಬರೆಸಿ ತರುವುದು, ತಿಂಗಳ ಕೊನೆಗೆ ಕೊಡುವುದು. ಆ ಅಂಗಡಿಯವರು ಎಂದೂ ಮೋಸ ಮಾಡಿದವರಲ್ಲ, ಕಷ್ಟಕಾಲದಲ್ಲಿ ಎರಡು ತಿಂಗಳು ಸುಮ್ಮನೆ ಕಾದವರು. ಆದರೆ ಬರೆಸಿ ತರುವಾಗ ರೊಕ್ಕ ಕೈಯಿಂದ ಹೋಗುತ್ತಿದೆ ಎನ್ನುವ ಅರಿವು ಯಾರಿಗೂ ಆಗುತ್ತಿರಲಿಲ್ಲ.

ಗಂಜಿಗೆ ಮೊದಲ ಸಲ ಹೋದ ದಿನ ನಾನು ಹಳೆಯ ಅಭ್ಯಾಸದಿಂದ, ಅರ್ಧ ಈಗ, ಅರ್ಧ ಮುಂದಿನ ತಿಂಗಳು ಕೊಡಬಹುದೇ ಎಂದು ಕೇಳಿದೆ. ಗಲ್ಲಾದ ಮುಂದೆ ಕುಳಿತಿದ್ದ ಹಿರಿಯ ಸಾಹುಕಾರರು ಕನ್ನಡಕ ತೆಗೆದು, 'ಅಕ್ಕಾರ, ಉದ್ರಿ ಒಂದ್ ಬಿಟ್ಟು ಏನರ ಕೇಳ್ರಿ' ಎಂದರು. ಆಗ ಸ್ವಲ್ಪ ಅವಮಾನವೆನಿಸಿತು. ಈಗ ಯೋಚಿಸಿದರೆ, ಈ ಅಂಗಡಿಯಿಂದ ನಮಗೆ ಆದ ದೊಡ್ಡ ಉಪಕಾರ ಅದೇ. ಎಷ್ಟು ಹಣ ಒಯ್ದೆವೋ ಅಷ್ಟೇ ಸಾಮಾನು; ಅದಕ್ಕಿಂತ ಹೆಚ್ಚು ತರಲು ಬರುವುದಿಲ್ಲ.

ಸಾಮಾನಿನ ಗುಣದ ಬಗ್ಗೆ ಹೇಳುವುದಾದರೆ ಮೊದಲು ತೊಗರಿಬೇಳೆಯನ್ನೇ ಹೇಳಬೇಕು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ. ಕಪನೂರಿನ ಬೇಳೆ ಗಿರಣಿಗಳಿಂದ ದೇಶದ ಊರೂರಿಗೆ ಬೇಳೆ ಹೋಗುತ್ತದೆ. ಹೀಗಿದ್ದೂ ಇದೇ ಊರಿನ ನಾವು ಇಷ್ಟು ವರ್ಷ ಹೊರಗಿನ ಕಂಪನಿಯ ಥಳಥಳ ಹೊಳೆಯುವ ಪ್ಯಾಕೆಟ್ ಬೇಳೆಯನ್ನು ಕೆಜಿಗೆ 150 ರೂಪಾಯಿ ಕೊಟ್ಟು ತರುತ್ತಿದ್ದೆವು. ಗಂಜಿನ ಅಂಗಡಿಯಲ್ಲಿ ಬೇಳೆ ಎರಡು ದರ್ಜೆಯಲ್ಲಿ ಸಿಗುತ್ತದೆ: ಮೇಲಿನದು ಫಟಕಾ, ಅದಕ್ಕಿಂತ ಕಡಿಮೆ ದರದ್ದು ಸವಾ ನಂಬರ್. ನಾವು ತರುವುದು ಪಾಲಿಶ್ ಮಾಡದ ಫಟಕಾ. ಒಂಬತ್ತು ತಿಂಗಳಲ್ಲಿ ಅದರ ದರ ಏರಿಳಿದು ಸರಾಸರಿ 115 ರೂಪಾಯಿಗೆ ಬಿದ್ದಿದೆ. ನೋಡಲು ಮಂಕಾಗಿರುತ್ತದೆ, ಕೈಗೆ ಸ್ವಲ್ಪ ಹಿಟ್ಟು ಹತ್ತುತ್ತದೆ. ಆದರೆ ಪ್ಯಾಕೆಟ್ಟಿನ ಬೇಳೆಗೆ ಐದು ಸೀಟಿ ಬೇಕಾಗುತ್ತಿದ್ದ ನಮ್ಮ ಕುಕ್ಕರಿನಲ್ಲಿ ಇದು ಮೂರೇ ಸೀಟಿಗೆ ಬೆಂದು ಕರಗುತ್ತದೆ. ಯುಗಾದಿಗೆ ಹೋಳಿಗೆಯ ಹೂರಣಕ್ಕೆ ಹಾಕಿದಾಗ ಅತ್ತೆಯವರೇ ರುಚಿಯನ್ನು ಮೆಚ್ಚಿಕೊಂಡರು.

ಸಡಿಲು ಬೇಳೆ ಎಂದರೆ ಕಲಬೆರಕೆಯ ಭಯ ಇದ್ದೇ ಇರುತ್ತದೆ. ತೊಗರಿಬೇಳೆಗೆ ಕೇಸರಿ ಬೇಳೆ ಬೆರೆಸುವುದು, ಹಳದಿ ಬಣ್ಣ ಹಚ್ಚುವುದು ಹಳೆಯ ಕಾಯಿಲೆಗಳು. ಅಂಗಡಿಯ ಸಾಹುಕಾರರು ನನ್ನ ಅಂಗೈಯಲ್ಲಿ ಒಂದು ಮುಷ್ಟಿ ಬೇಳೆ ಹರಡಿ, ಬೆರಳಿನಿಂದ ಒಂದೊಂದೇ ಕಾಳು ಸರಿಸುತ್ತ, ತೊಗರಿಯ ಬೇಳೆ ದುಂಡಗೆ ಇರುತ್ತದೆ, ಕೇಸರಿ ಬೇಳೆ ಒಂದು ಬದಿ ಇಳಿಜಾರಾಗಿ ಚೌಕಾಕಾರಕ್ಕೆ ಬರುತ್ತದೆ ಎಂದು ತೋರಿಸಿಕೊಟ್ಟರು. ಅಂದಿನಿಂದ ನಾನು ಪ್ರತಿ ಸಲ ಹಾಗೆ ಹರಡಿ ನೋಡಿಯೇ ತೂಗಿಸುತ್ತೇನೆ. ಅದಕ್ಕೆ ಅಲ್ಲಿ ಯಾರೂ ಮುಖ ಗಂಟಿಕ್ಕಿಲ್ಲ.

ದರದ ವ್ಯತ್ಯಾಸಕ್ಕೆ ಒಂದು ಕಾರಣ ತೆರಿಗೆಯಲ್ಲೂ ಇದೆ. 2022ರ ಜುಲೈ 18ರಿಂದ, ಮೊದಲೇ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ 25 ಕೆಜಿವರೆಗಿನ ಅಕ್ಕಿ, ಬೇಳೆ, ಕಾಳು, ಹಿಟ್ಟುಗಳ ಮೇಲೆ ಶೇಕಡಾ 5 ಜಿಎಸ್‌ಟಿ ಬಂತು. ಸಡಿಲಾಗಿ ತೂಗಿ ಕೊಡುವ ಧಾನ್ಯಕ್ಕೆ ಅದಿಲ್ಲ. ಅಕ್ಕಿಯ ಚೀಲಗಳು ಈಗ 26 ಕೆಜಿಯಲ್ಲಿ ಬರುವುದರ ಗುಟ್ಟೂ ಇದೇ.

ಜೋಳದ ಕಥೆ ಬೇರೆ. ನಾನೂ ನನ್ನ ಯಜಮಾನರೂ ಹೊರಗೆ ದುಡಿಯುವುದರಿಂದ ತಿಂಗಳಲ್ಲಿ 24 ದಿನ, ದಿನಕ್ಕೆ 15 ಖಡಕ್ ರೊಟ್ಟಿಗಳನ್ನು ಹತ್ತು ರೂಪಾಯಿಗೆ ಒಂದರಂತೆ ಕೊಳ್ಳುತ್ತಿದ್ದೆವು. ಅದೊಂದೇ 3,600 ರೂಪಾಯಿ ಆಗುತ್ತಿತ್ತು. ಈಗ ಎಂಟು ದಿನ ಮಾತ್ರ ಕೊಳ್ಳುತ್ತೇವೆ, ಉಳಿದ ಹದಿನಾರು ದಿನ ಮನೆಯಲ್ಲಿಯೇ ಬಡಿಯುತ್ತೇವೆ. ಮಾಲ್ದಂಡಿ ಜೋಳ ಕೆಜಿಗೆ 46, ಗಿರಣಿಯಲ್ಲಿ ಬೀಸಲು 6. ಒಂದು ಕೆಜಿ ಹಿಟ್ಟಿಗೆ ಹನ್ನೆರಡು ರೊಟ್ಟಿ ಆಗುತ್ತವೆ. ತಿಂಗಳಿಗೆ 20 ಕೆಜಿ ಜೋಳ ಸಾಕು. ಗ್ಯಾಸಿನ ಖರ್ಚು ಕಳೆದರೂ 1,250 ರೂಪಾಯಿ ಉಳಿಯುತ್ತದೆ. ಆದರೆ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ 1,250 ರೂಪಾಯಿ ಅಂಗಡಿ ಕೊಟ್ಟ ಸೋವಿಯಲ್ಲ, ಬೆಳಿಗ್ಗೆ ಐದಕ್ಕೆ ಎದ್ದು ಒಲೆಯ ಮುಂದೆ ನಿಂತ ಕೈಗಳ ದುಡಿಮೆ. ಮನೆಯ ಹೆಂಗಸೊಬ್ಬಳೇ ಇದನ್ನು ಹೊರುವುದಾದರೆ ನಾನು ಖಂಡಿತ ಬೇಡವೆನ್ನುತ್ತೇನೆ. ನಮ್ಮ ಮನೆಯಲ್ಲಿ ಹಿಟ್ಟು ನಾದುವುದು, ಹಂಚಿನ ಮೇಲೆ ಬೇಯಿಸುವುದು ಯಜಮಾನರ ಪಾಲು, ಬಡಿಯುವುದು ನನ್ನ ಪಾಲು.

ಜೋಳ ಕೊಳ್ಳುವಾಗ ಎರಡು ವಿಷಯ ನೋಡಬೇಕು. ಅಂಗಡಿಯ ಹುಡುಗ ಚೂಪು ಮೊನೆಯ ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ ಒಳಗಿನ ಕಾಳು ತೆಗೆದು ತೋರಿಸುತ್ತಾನೆ. ಮೇಲಿನಿಂದ, ನಡುವಿನಿಂದ, ತಳದಿಂದ ಮೂರೂ ಕಡೆ ಚುಚ್ಚಿಸಬೇಕು. ಆ ಕಾಳನ್ನು ಹಲ್ಲಿನಲ್ಲಿ ಕಡಿದರೆ ಕಟಕ್ಕನೆ ಒಡೆಯಬೇಕು; ಮೆತ್ತಗೆ ಜಜ್ಜಿದರೆ ಪಸೆ ಇದೆ ಎಂದರ್ಥ, ಮನೆಯಲ್ಲಿ ಉಳಿಯುವುದಿಲ್ಲ. ಇದನ್ನು ನನಗೆ ಕಲಿಸಿದವರು ಅತ್ತೆಯವರು. ಅವರ ತವರಿನಲ್ಲಿ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಧಾನ್ಯದ ಗುಂಡಿಯಲ್ಲಿ, ವರ್ಷದ ಜೋಳ ಇಡುತ್ತಿದ್ದರಂತೆ. ನಮಗಿರುವುದು ಬಾಡಿಗೆ ಮನೆಯ ತಗಡಿನ ಡಬ್ಬಿ. ಜೋಳವನ್ನು ಎರಡು ದಿನ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿ, ಆರಿದ ಮೇಲೆ ನೆರಳಲ್ಲಿ ಒಣಗಿಸಿದ ಬೇವಿನ ಎಲೆ ಬೆರೆಸಿ ತುಂಬಿಡುತ್ತೇವೆ.

ಹಾಗಿದ್ದೂ ಆಷಾಢದಲ್ಲಿ ತಂದ 50 ಕೆಜಿ ಚೀಲದಲ್ಲಿ ನುಸಿ ಬಂತು. ಮಳೆ ಬರುತ್ತಿದ್ದುದರಿಂದ ಅಂದು ನಾನು ಅವಸರದಲ್ಲಿ ಮೇಲಿನ ಕಾಳನ್ನಷ್ಟೇ ನೋಡಿದ್ದೆ. ಮರುದಿನ ಒಯ್ದು ತೋರಿಸಿದರೆ, ಮಾಲು ಒಮ್ಮೆ ಹೊರಗೆ ಹೋದ ಮೇಲೆ ತಮ್ಮ ಜವಾಬ್ದಾರಿಯಲ್ಲ ಎಂದು ಅಂಗಡಿಯ ಕಿರಿಯರೊಬ್ಬರು ಹೇಳಿದರು. ಹಿರಿಯರು ಇದ್ದ ದಿನ ಮತ್ತೊಮ್ಮೆ ಹೋಗಿ ಮಾತನಾಡಿದ ಮೇಲೆ ಅರ್ಧ ಚೀಲ ಬದಲಿಸಿಕೊಟ್ಟರು. ಪೂರ್ತಿ ಬದಲಿಸಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಎರಡು ಸಲದ ಟಂಟಂ (ಆಟೋ) ಬಾಡಿಗೆಯೂ ನಮ್ಮ ತಲೆಯ ಮೇಲೆಯೇ ಬಿತ್ತು. ಕೈಯಲ್ಲಿ ಬಿಲ್ಲು ಇಲ್ಲದ್ದು ಆಗ ನಮಗೆ ತೊಡಕಾಯಿತು. ಕೇಳದೆ ಅಲ್ಲಿ ಬಿಲ್ಲು ಕೊಡುವುದಿಲ್ಲ. ಬಿಳಿ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದ ಮೊತ್ತವೇ ಬಿಲ್ಲು. ಕೇಳಿದರೆ ಅಚ್ಚಾದ ಬಿಲ್ಲು ಕೊಡುತ್ತಾರೆ, ಆದ್ದರಿಂದ ಕೇಳಲೇಬೇಕು.

ಇನ್ನೊಂದು ದೂರು ತೂಕದ್ದು. ತಕ್ಕಡಿ ಎಲೆಕ್ಟ್ರಾನಿಕ್, ಅದರ ಮೇಲೆ ಸರ್ಕಾರಿ ಮುದ್ರೆಯೂ ಇದೆ, ಅದರಲ್ಲಿ ದೋಷವಿಲ್ಲ. ಆದರೆ ಗೋಣಿಚೀಲದ ಸಮೇತ ತೂಗಿ 50 ಕೆಜಿ ಎನ್ನುತ್ತಾರೆ. ಖಾಲಿ ಚೀಲವೇ 600 ಗ್ರಾಂ ತೂಗುತ್ತದೆ. ಅಂದರೆ ಸುಮಾರು 28 ರೂಪಾಯಿಯ ಜೋಳ ಕಡಿಮೆ. ಎರಡನೆಯ ಸಲದಿಂದ ನಾನು ಚೀಲದ ತೂಕ ಕಳೆಯಲು ಹೇಳುತ್ತೇನೆ, ಕಳೆಯುತ್ತಾರೆ. ಹೇಳದವರಿಗೂ ಕಳೆಯುವುದು ನ್ಯಾಯ. ಹಮಾಲಿ 20 ರೂಪಾಯಿ ಬೇರೆ. ಟಂಟಂ ಬಾಡಿಗೆಯನ್ನು ಪಕ್ಕದ ಮನೆಯವರೊಂದಿಗೆ ಹಂಚಿಕೊಂಡರೂ ಸಾಗಣೆಗೆ ತಿಂಗಳಿಗೆ ಒಟ್ಟು 150 ರೂಪಾಯಿ ಹಿಡಿಯಬೇಕು.

ಎಲ್ಲವನ್ನೂ ಅಲ್ಲಿ ಕೊಳ್ಳುವುದು ಜಾಣತನವಲ್ಲ. ಮೊದಲ ತಿಂಗಳು ಎಣ್ಣೆಯ 15 ಕೆಜಿ ಡಬ್ಬಿ ತಂದೆವು. ಕೆಜಿ ಲೆಕ್ಕದಲ್ಲಿ ಅಗ್ಗವೇ ಆಗಿತ್ತು. ಆದರೆ ಡಬ್ಬಿ ತುಂಬಿರುವಾಗ ಒಗ್ಗರಣೆಗೆ ಕೈ ಧಾರಾಳವಾಗುತ್ತದೆ, ಭಜಿ ಮಿರ್ಚಿ ವಾರಕ್ಕೆ ಮೂರು ಸಲ ಆಗುತ್ತವೆ. ಎರಡೂವರೆ ತಿಂಗಳು ಬರಬೇಕಾದ ಎಣ್ಣೆ ಎರಡು ತಿಂಗಳೂ ಬರಲಿಲ್ಲ. ಈಗ ಐದು ಲೀಟರಿನ ಕ್ಯಾನು ಮಾತ್ರ ತರುತ್ತೇವೆ. ಖಾರದ ಪುಡಿ, ಅರಿಶಿಣ ಅಲ್ಲಿ ಬೇಡ; ಸಡಿಲು ಮಸಾಲೆಯ ಬಣ್ಣ ನನಗೆ ಒಪ್ಪಿಗೆಯಾಗಿಲ್ಲ. ತರಕಾರಿ ಎಂದಿನಂತೆ ಕಣ್ಣಿ ಮಾರ್ಕೆಟ್ಟಿನಿಂದ.

ಒಟ್ಟು ಲೆಕ್ಕ ಹೀಗಿದೆ. ರೊಟ್ಟಿಯಲ್ಲಿ 1,250, ಬೇಳೆಕಾಳು ಮತ್ತು ಅಕ್ಕಿಯಲ್ಲಿ 550, ಎಣ್ಣೆ ಸಕ್ಕರೆಯಲ್ಲಿ 250, ಸಾಗಣೆ ಕಳೆದು 1,900 ರೂಪಾಯಿ. ತೊಗರಿಬೇಳೆಯಲ್ಲಿ ಕೆಜಿಗೆ 35 ರೂಪಾಯಿ ಉಳಿಯುತ್ತದೆ ಎಂದು ನಾವು ಬಹಳ ಹಿಗ್ಗಿದ್ದೆವು, ಆದರೆ ತಿಂಗಳಿಗೆ ಐದು ಕೆಜಿ ತಿನ್ನುವ ಮನೆಗೆ ಅದು 175 ರೂಪಾಯಿಯಷ್ಟೇ. ಕಿರಾಣಿಯ ಖರ್ಚು ಮಾತ್ರ 11,400ರಿಂದ 7,600ಕ್ಕೆ ಇಳಿದಿದೆ, ಅಂದರೆ 3,800 ರೂಪಾಯಿ ಕಡಿಮೆ. ಮಿಕ್ಕ 1,900 ಎಲ್ಲಿಂದ ಬಂತೆಂದು ಓಣಿಯ ಅಂಗಡಿಯ ಹಳೆಯ ಪುಸ್ತಕ ತೆರೆದು ನೋಡಿದೆ. ಬಿಸ್ಕತ್ತು, ಕುರುಕಲು ಪ್ಯಾಕೆಟ್ಟು, ತಂಪು ಪಾನೀಯ, ನೂಡಲ್ಸ್, ಐಸ್‌ಕ್ರೀಮು: ಹತ್ತು, ಇಪ್ಪತ್ತು, ಮೂವತ್ತರ ಸಾಲುಗಳು, ದಿನಕ್ಕೆ ಮೂರು ನಾಲ್ಕು. ಗಂಜಿನ ಅಂಗಡಿಯಲ್ಲಿ ಇವು ಯಾವುವೂ ಇಲ್ಲ. ಮಕ್ಕಳಿಗೆ ಈಗ ಶೇಂಗಾ ಬೆಲ್ಲ, ಒಗ್ಗರಣೆ ಹಾಕಿದ ಚುರುಮುರಿ ಮನೆಯಲ್ಲಿ ಇರುತ್ತವೆ. ಚಿಕ್ಕವಳು ಮೊದಲ ತಿಂಗಳು ಅತ್ತಳು, ಅದನ್ನು ಮುಚ್ಚಿಡುವುದಿಲ್ಲ. ಅವಳ ಹುಟ್ಟುಹಬ್ಬಕ್ಕೆ ಐಸ್‌ಕ್ರೀಮು ತಂದೇ ತಂದೆವು.

ಉಳಿದ 3,800 ರೂಪಾಯಿ ಕೈಯಲ್ಲಿದ್ದರೆ ಇನ್ನೊಂದು ಖರ್ಚಿಗೆ ಹೋಗುವುದು ನಿಶ್ಚಿತ. ಆದ್ದರಿಂದ ಸಂಬಳದ ದಿನವೇ, ಗಂಜಿಗೆ ಹೊರಡುವ ಮುಂಚೆ, ಹಳೆಯ 3,400ಕ್ಕೆ ಅದನ್ನು ಸೇರಿಸಿ 7,200 ರೂಪಾಯಿ ಕಾರ್ಡಿಗೆ ಕಟ್ಟಿಬಿಡುತ್ತೇವೆ. ಕಾರ್ಡನ್ನು ಅತ್ತೆಯವರ ಟ್ರಂಕಿನಲ್ಲಿ ಇಟ್ಟು ಬೀಗ ಹಾಕಿದ್ದೇವೆ. ಒಂಬತ್ತು ಕಂತುಗಳ ನಂತರ 68,000ದ ಬಾಕಿ ಈಗ ಸುಮಾರು 21,000ಕ್ಕೆ ಬಂದಿದೆ. ಹದಿಮೂರನೆಯ ಕಂತಿಗೆ ಪೂರ್ತಿ ತೀರುತ್ತದೆ, ಅದೂ ಸಣ್ಣ ಕಂತು. ಒಟ್ಟು ಕಟ್ಟುವ ಹಣ 88,000ದ ಆಸುಪಾಸು. ಮೊದಲಿನ ದಾರಿಯಲ್ಲಿ ಹೋಗಿದ್ದರೆ ಆಗುತ್ತಿದ್ದುದಕ್ಕಿಂತ ಸುಮಾರು 59,000 ರೂಪಾಯಿ ಕಡಿಮೆ. ಆಮೇಲೆ ಇದೇ ಹಣ ವೈಯಕ್ತಿಕ ಸಾಲದ ಅಸಲಿಗೆ ಹೋಗಬೇಕು. ಅವಧಿಗೆ ಮುಂಚೆ ಕಟ್ಟಿದರೆ ಬ್ಯಾಂಕು ಎಷ್ಟು ಶುಲ್ಕ ಹಿಡಿಯುತ್ತದೆ ಎಂಬುದನ್ನು ಕರಾರು ಪತ್ರದಲ್ಲಿ ಓದಿ ಗುರುತು ಹಾಕಿಟ್ಟಿದ್ದೇನೆ.

ಹೋಗುವವರು ಬೆಳಿಗ್ಗೆ ಹನ್ನೊಂದರೊಳಗೆ ಹೋಗಿರಿ, ಆಮೇಲೆ ಲಾರಿಗಳ ಗದ್ದಲದಲ್ಲಿ ಯಾರಿಗೂ ಕಾಳು ತೋರಿಸುವಷ್ಟು ಪುರುಸೊತ್ತು ಇರುವುದಿಲ್ಲ. ಈ ಅಂಗಡಿ ಭಾನುವಾರ ಮುಚ್ಚಿರುತ್ತದೆ. ಬೇಳೆ ಐದು ಕೆಜಿಗಿಂತ ಕಡಿಮೆ ತೂಗುವುದಿಲ್ಲ, ಕುಳಿತುಕೊಳ್ಳಲು ಜಾಗವಿಲ್ಲ, ವಯಸ್ಸಾದವರನ್ನು ಕರೆದೊಯ್ಯುವುದು ಬೇಡ. ಒಂದೆರಡು ಗಟ್ಟಿ ಚೀಲ ಮನೆಯಿಂದಲೇ ಒಯ್ಯಿರಿ. ನಮ್ಮ ಮುಂದಿನ ಜೋಳದ ಚೀಲ ದೀಪಾವಳಿಯ ಹಿಂದಿನ ವಾರ ಬರಬೇಕಾಗಿದೆ. ಈ ಸಲ ಅತ್ತೆಯವರು ಮೂರೂ ಕಡೆಯ ಕಾಳನ್ನು ಬೇರೆ ಬೇರೆ ಪೊಟ್ಟಣದಲ್ಲಿ ಮೊದಲು ಮನೆಗೆ ತಂದು ತೋರಿಸಲು ಹೇಳಿದ್ದಾರೆ, ಸಾಹುಕಾರರೂ ಅದಕ್ಕೆ ಒಪ್ಪಿದ್ದಾರೆ.