ಮಳೆಯಲ್ಲಿ ಮಾತ್ರ ಮಿಸ್ ಹೊಡೆಯುವ ಕಾರನ್ನು ಬಿಸಿಲಲ್ಲಿ ಪರೀಕ್ಷಿಸುವವರಿಗೆ ಕೊಡಬೇಡಿ

ಹಳೆಯ ಪೆಟ್ರೋಲ್ ಕಾರಿನಲ್ಲಿ ಘಟ್ಟ ಹತ್ತಿ ಇಳಿಯುವವರು ದಯವಿಟ್ಟು ಇದನ್ನು ಓದಿ. ನಮ್ಮ 2013ರ ಮಾಡೆಲ್ ಕಾರಿನ ಮಿಸ್ಸಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಿಕೊಳ್ಳದೆ ಎಂಜಿನ್ ತಡವರಿಸುವುದು) ಹುಡುಕುತ್ತೇವೆಂದು ಶಿವಮೊಗ್ಗದ ಒಂದು ಗ್ಯಾರೇಜು 20 ಸಾವಿರ ರೂಪಾಯಿಗೂ ಹೆಚ್ಚು ವಸೂಲು ಮಾಡಿತು. ಕೆಟ್ಟಿದ್ದು ಒಂದು ಪ್ಲಗ್ ವೈರ್, ಎಂದರೆ ಪೆಟ್ರೋಲಿಗೆ ಕಿಡಿ ಹಚ್ಚುವ ಪ್ಲಗ್ಗಿಗೆ ವಿದ್ಯುತ್ ಒಯ್ಯುವ ತಂತಿ.

ಬೇಸಿಗೆಯಿಡೀ ಕಾರಿಗೆ ಏನೂ ಆಗಿರಲಿಲ್ಲ. ಮುಂಗಾರು ಹಿಡಿದ ಮೇಲೆ ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ, ತಿರುವಿನಲ್ಲಿ ಆಕ್ಸಿಲರೇಟರ್ ತುಳಿದ ಕೂಡಲೇ ಎಂಜಿನ್ ಗಡಗಡ ನಡುಗಿ ಎಳೆತ ಬಿಟ್ಟುಬಿಡುತ್ತಿತ್ತು. ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಮಿಟುಕುತ್ತಿತ್ತು. ಅಮ್ಮನನ್ನು ಉಡುಪಿಯಿಂದ ಕರೆತರುವಾಗ ಮಂಜಿನ ನಡುವೆ, ಹಿಂದೆ ಬಸ್ಸು ಅಂಟಿಕೊಂಡೇ ಬರುತ್ತಿದ್ದಾಗ ಹೀಗಾಯಿತು. ಆ ಭಯ ಯಾರಿಗೂ ಬೇಡ. ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ಬಾನೆಟ್ ಒಳಗಿನ ಬಿಸಿಗೆ ತೇವ ಆರುತ್ತಿತ್ತು. ಶಿವಮೊಗ್ಗದ ದಾರಿಯಲ್ಲಿ ಮಂಡಗದ್ದೆ ಕಳೆದರೆ ಮಳೆಯೂ ಇಳಿಮುಖ. ಗ್ಯಾರೇಜಿನ ಬಾಗಿಲಿಗೆ ಹೋದಾಗ ಕಾರಿಗೆ ಯಾವ ಕಾಯಿಲೆಯೂ ಇರುತ್ತಿರಲಿಲ್ಲ.

ಮೊದಲು ಪ್ಲಗ್ ಬದಲಿಸಿದರು. ಆಮೇಲೆ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಸ್ವಚ್ಛ ಮಾಡಿದರು, ಪೆಟ್ರೋಲ್ ಪಂಪ್ ಹೊಸದು ಹಾಕಿದರು, ಕೊನೆಗೆ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೋಗಿರಬಹುದು ಎಂದರು. ಪ್ರತಿ ಸಲವೂ ಒಣ ರಸ್ತೆಯಲ್ಲಿ, ಸಮತಟ್ಟಿನಲ್ಲಿ ಓಡಿಸಿ ನೋಡಿ ‘ಸರಿಯಾಗಿದೆ’ ಎಂದು ಕಳಿಸಿದರು. ಸ್ಕ್ಯಾನರಿನಲ್ಲಿ ಪಿ0302 ಎಂಬ ಕೋಡ್ ಬಂದಿತ್ತು, ಎಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಅದನ್ನು ಅಳಿಸಿದರೇ ಹೊರತು ಬಿಲ್ಲಿನಲ್ಲಿ ಬರೆಯಲಿಲ್ಲ. ಪೆಟ್ರೋಲ್ ಪಂಪ್ ನಾಲ್ಕೂ ಸಿಲಿಂಡರಿಗೆ ಒಂದೇ. ಅದು ಸೋತರೆ ಎರಡನೆಯದು ಮಾತ್ರ ಏಕೆ ಮಿಸ್ ಹೊಡೆಯಬೇಕು? ಕೇಳಿದರೆ ಉತ್ತರವಿಲ್ಲ.

ತೀರ್ಥಹಳ್ಳಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಸಂಜೆ ಕತ್ತಲಾದ ಮೇಲೆ ಬನ್ನಿ ಎಂದರು. ಎಂಜಿನ್ ಚಾಲೂ ಇಟ್ಟು, ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ ಪ್ಲಗ್ ವೈರುಗಳ ಮೇಲೆ ತುಂತುರು ಬಿಟ್ಟರು. ಎರಡನೇ ವೈರು ಕ್ಲಾಂಪಿಗೆ ಉಜ್ಜಿ ಸವೆದ ಜಾಗದಿಂದ ನೀಲಿ ಕಿಡಿ ಹಾರಿತು. ಎಂಜಿನ್ ಅದೇ ಕ್ಷಣ ನಡುಗಿತು. ಏರಿನಲ್ಲಿ ಸಿಲಿಂಡರಿನ ಒತ್ತಡ ಹೆಚ್ಚಿದಾಗ ಪ್ಲಗ್ಗಿನ ಸಂದಿನಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ವೈರು ಸವೆದ ಜಾಗದಲ್ಲಿ ತೇವವಿದ್ದರೆ ವಿದ್ಯುತ್ತಿಗೆ ಪ್ಲಗ್ಗಿಗಿಂತ ಪಕ್ಕದ ಲೋಹವೇ ಸುಲಭದ ದಾರಿ. ಏರು ಮತ್ತು ಮಳೆ ಎರಡೂ ಕೂಡಿದಾಗ ಮಾತ್ರ ನಮ್ಮ ಕಾರು ಕೈಕೊಡುತ್ತಿದ್ದುದು ಅದಕ್ಕೆ.

ವೈರ್ ಸೆಟ್ಟಿನ ಖರ್ಚು ದೊಡ್ಡದೇನಲ್ಲ. ನನಗೆ ಸಿಟ್ಟಿರುವುದು ಬೇರೆ ವಿಷಯಕ್ಕೆ. ದೀಪ ಮಿಟುಕಿದರೂ ಓಡಿಸಬಹುದು ಎಂದು ಗ್ಯಾರೇಜಿನವರು ಹೇಳಿದ್ದರು. ಅದು ಶುದ್ಧ ಸುಳ್ಳು. ಸುಮ್ಮನೆ ಉರಿಯುವ ದೀಪ ಬೇರೆ, ಮಿಟುಕುವ ದೀಪ ಬೇರೆ. ಮಿಟುಕುತ್ತಿದೆಯೆಂದರೆ ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತಿದೆ ಎಂದರ್ಥ. ಆ ಶಾಖಕ್ಕೆ ಒಳಗಿನ ಜೇನುಗೂಡಿನಂಥ ಭಾಗ ಕರಗಿಹೋಗಬಹುದು. ನಮ್ಮದು ಹಾಗೆಯೇ ಹೋಯಿತು, ಉಳಿದೆಲ್ಲ ರಿಪೇರಿಗಿಂತ ಅದೇ ದುಬಾರಿ. ಘಟ್ಟದಲ್ಲಿ ದೀಪ ಮಿಟುಕಿದರೆ ಕಾಲು ಸಡಿಲಿಸಿ, ಅಗಲವಾದ ಜಾಗ ಕಂಡಲ್ಲಿ ನಿಲ್ಲಿಸಿ.

ಗ್ಯಾರೇಜಿಗೆ ಹೋದಾಗ ಕೋಡ್ ಅಳಿಸುವ ಮೊದಲು ಬರೆಸಿಕೊಳ್ಳಿ. ನಮ್ಮಂತೆ ಪಿ0302 ಬಂದಿದ್ದರೆ ಎರಡನೇ ಸಿಲಿಂಡರಿನ ಪ್ಲಗ್ಗನ್ನು ಮೂರನೆಯದಕ್ಕೆ ಹಾಕಿ ಓಡಿಸಲು ಹೇಳಿ. ಕೋಡ್ ಪಿ0303ಕ್ಕೆ ಬದಲಾದರೆ ದೋಷ ಪ್ಲಗ್ಗಿನದು. ಅಲ್ಲೇ ಉಳಿದರೆ ವೈರು, ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್ ನೋಡಬೇಕು, ಇಂಜೆಕ್ಟರ್ ಮತ್ತು ಕಂಪ್ರೆಷನ್ (ಸಿಲಿಂಡರಿನ ಒತ್ತಡ) ಆಮೇಲೆ. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಉದ್ದಕ್ಕೆ ಸಣ್ಣ ಕಪ್ಪು ಗೆರೆ ಬಿದ್ದಿದ್ದರೆ ವೈರಿನ ಜೊತೆ ಆ ಪ್ಲಗ್ಗನ್ನೂ ಬಿಸಾಡಿ. ಇಲ್ಲವಾದರೆ ಹೊಸ ವೈರೂ ಬೇಗ ಹಾಳಾಗುತ್ತದೆ.

ನೀರಿನ ಪರೀಕ್ಷೆಯನ್ನು ನೀವೇ ಮಾಡಹೋಗಬೇಡಿ. ಆ ವೈರಿನಲ್ಲಿ ಸಾವಿರಾರು ವೋಲ್ಟ್ ಹರಿಯುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರಂತೂ ಎಂಜಿನ್ ಚಾಲೂ ಇರುವಾಗ ತೆರೆದ ಬಾನೆಟ್ಟಿನ ಹತ್ತಿರವೂ ನಿಲ್ಲಬಾರದು.