ಹಳೇ ಲಾವಾ ಲ್ಯಾಂಪಿಗೆ ಏನು ತುಂಬ್ಸೋದು: ಉಪ್ಪುನೀರಾ, ಗ್ಲೈಕಾಲಾ, ರೆಡಿಮೇಡ್ ಕಿಟ್ಟಾ?

ಲಾವಾ ಲ್ಯಾಂಪ್ ಗೊತ್ತಲ್ಲ, ಗಾಜಿನ ಬಾಟ್ಲು ಒಳಗೆ ಬಣ್ಣದ ನೀರು, ಅದ್ರಲ್ಲಿ ಮೇಣದ ಉಂಡೆಗಳು ಕೆಳಗಿನ ಬಲ್ಬಿನ ಬಿಸಿಗೆ ಏಳ್ತಾ ಇಳೀತಾ ಇರೋ ಅಲಂಕಾರದ ದೀಪ. ಅದು ಹಳೇದಾದ್ರೆ ಮುಕ್ಕಾಲು ಪಾಲು ಒಂದೇ ಕಂಪ್ಲೇಂಟು. ಒಳಗಿನ ಮೇಣ ಚೆನ್ನಾಗೇ ಇರತ್ತೆ, ಕರಗತ್ತೆ, ಮೇಲೆ ಏಳತ್ತೆ, ಆದ್ರೆ ಸುತ್ತ ಇರೋ ನೀರು ಹಾಲು ಬಿದ್ದ ಹಾಗೆ ಮಬ್ಬಾಗಿ ಹೋಗಿರತ್ತೆ, ಬಣ್ಣ ಬಿಸಿಲಿಗೆ ಸತ್ತು ಯಾವುದೋ ಮಾಸಲು ಹಳದಿಗೆ ತಿರುಗಿರತ್ತೆ. ನನ್ನದೂ ಅದೇ ಕೇಸು. ಗಾಜು, ಬುಡ, ವೈರ್ ಎಲ್ಲ ಗಟ್ಟಿಮುಟ್ಟಾಗಿದ್ದಾಗ ನೀರಿಗೋಸ್ಕರ ಇಡೀ ಲ್ಯಾಂಪ್ ಬಿಸಾಕೋಕೆ ಮನಸ್ಸು ಬರಲ್ಲ ನೋಡಿ. ಸರಿ ನೀರಷ್ಟೇ ಬದಲಾಯಿಸೋಣ ಅಂತ ಹೊರಟ್ರೆ ಒಬ್ಬರು ಉಪ್ಪು ಅಂತಾರೆ, ಇನ್ನೊಬ್ಬರು ಗ್ಲೈಕಾಲ್ ಅಂತಾರೆ, ಮತ್ತೊಬ್ಬರು ಸುಮ್ನೆ ಕಿಟ್ ತರಿಸ್ಕೋ ಮಾರಾಯ ಅಂತಾರೆ, ಹಾಗಾಗಿ ಅದೇ ಬಾಟ್ಲು, ಅದೇ ಮೇಣ, ಅದೇ ಬಲ್ಬ್ ಇಟ್ಕೊಂಡು ಒಂದಾದ ಮೇಲೊಂದು ಎಲ್ಲಾನೂ ಮಾಡಿ ನೋಡ್ದೆ. ಆಲ್ಕೋಹಾಲ್ ಎಣ್ಣೆ ರೆಸಿಪಿ ಒಂದನ್ನ ಮಾತ್ರ ಬೇರೆ ಸೀಸೆಲಿ ಮಾಡ್ದೆ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಒಂದು ಮಾತು ಮೊದಲೇ. ಲಾವಾ ಲ್ಯಾಂಪನ್ನ ಹೋಲಿಸೋದೇ ಒಂಥರಾ ಕಷ್ಟದ ಕೆಲಸ, ಯಾಕಂದ್ರೆ ಅದು ಒಂದು ಸಲ ಮಾಡಿದ್ದನ್ನ ಇನ್ನೊಂದು ಸಲ ಮಾಡಲ್ಲ. ಇಂಟರ್ನೆಟ್ ಭದ್ರತೆ ನೋಡ್ಕೊಳ್ಳೋ ಕ್ಲೌಡ್‌ಫ್ಲೇರ್ ಕಂಪನಿಯವರು ಸ್ಯಾನ್ ಫ್ರಾನ್ಸಿಸ್ಕೋ ಆಫೀಸಲ್ಲಿ ಒಂದು ಗೋಡೆ ತುಂಬಾ ಲಾವಾ ಲ್ಯಾಂಪ್ ಜೋಡಿಸಿ, ಅದರ ಫೋಟೋ ತೆಗೆದು ಎನ್‌ಕ್ರಿಪ್ಶನ್‌ಗೆ ಬೇಕಾದ ರ‍್ಯಾಂಡಮ್ ನಂಬರ್‌ಗಳಿಗೆ ಬಳಸೋದು ಇದೇ ಗುಣಕ್ಕೆ. ಅದಕ್ಕೇ ನಾನು ಐದು ನಿಮಿಷ ನೋಡಿ ಮಾರ್ಕ್ಸ್ ಕೊಡೋ ಗೋಜಿಗೆ ಹೋಗ್ಲಿಲ್ಲ, ಪೂರ್ತಿ ಬಿಸಿಯಾಗಿ ಹದಕ್ಕೆ ಬಂದ ಮೇಲೆ ಒಂದಷ್ಟು ಗಂಟೆ ಹೇಗೆ ನಡ್ಕೊಳ್ಳತ್ತೆ ಅಂತಷ್ಟೇ ನೋಡಿದ್ದು. ತಿಳಿಯಾಗಿದ್ಯಾ, ಮೇಣ ಗಾಜಿಗೆ ಅಂಟತ್ತಾ, ಮೇಲೆ ಹೋಗಿದ್ದು ವಾಪಸ್ ಇಳಿಯತ್ತಾ, ಇಷ್ಟೇ.

ಇದರ ಗುಟ್ಟು ಗೊತ್ತಿದ್ರೆ ಮುಂದಿನದೆಲ್ಲ ಸಲೀಸು. ಮೇಣ ತಣ್ಣಗಿದ್ದಾಗ ನೀರಿಗಿಂತ ಒಂಚೂರು ಭಾರ ಇರ್ಬೇಕು, ಬಿಸಿಯಾದಾಗ ಒಂಚೂರು ಹಗುರ ಆಗ್ಬೇಕು. ನೀರಿನ ಸಾಂದ್ರತೆ 1 ಅಂದ್ರೆ ಬರೀ ಪ್ಯಾರಾಫಿನ್ ಮೇಣದ್ದು 0.9 ಆಸುಪಾಸು, ಅದು ನೀರಲ್ಲಿ ಯಾವಾಗ್ಲೂ ತೇಲತ್ತೆ, ಹಾಗಾಗಿ ಅದಕ್ಕೆ ಭಾರದ ಸಾಲ್ವೆಂಟ್, ಅಂದ್ರೆ ಮೇಣದ ಜೊತೆ ಬೆರೆಯೋ ದ್ರವ, ಸೇರಿಸಿರ್ತಾರೆ. 1963ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಕ್ರೇವನ್ ವಾಕರ್ ಆಸ್ಟ್ರೋ ಅನ್ನೋ ಹೆಸರಲ್ಲಿ ಮಾರೋಕೆ ಶುರು ಮಾಡಿದ ಕಾಲದ ಲ್ಯಾಂಪ್‌ಗಳಲ್ಲಿ ಆ ಸಾಲ್ವೆಂಟು ಕಾರ್ಬನ್ ಟೆಟ್ರಾಕ್ಲೋರೈಡ್, ಸಾಂದ್ರತೆ 1.6ರ ಹತ್ತಿರ, ಲಿವರ್‌ಗೆ ಕೆಟ್ಟದ್ದು. ಮನೆ ಬಳಕೆ ಸಾಮಾನುಗಳಲ್ಲಿ ಅದನ್ನ ಅಮೆರಿಕಾ 1970ರಲ್ಲಿ ಬ್ಯಾನ್ ಮಾಡ್ತು. ಅದಕ್ಕೇ ಹೇಳೋದು, ಹಳೇ ಮೇಣವನ್ನ ಹೊರಗೆ ತೆಗೆದು ಕರಗಿಸೋಕೆ, ಮೂಸೋಕೆ, ತೆರೆದ ಬಾಟ್ಲಿಲಿ ಗಂಟೆಗಟ್ಲೆ ಕಾಯ್ಸೋಕೆ ಹೋಗ್ಬೇಡಿ. ಆರೋಗ್ಯ ಒಂದು ಕಡೆ ಇರ್ಲಿ, ಸಾಲ್ವೆಂಟ್ ಆವಿಯಾಗಿ ಹೋದ್ರೆ ಮೇಣದ ತೂಕದ ಲೆಕ್ಕಾಚಾರನೇ ಕೆಡತ್ತೆ, ಆಮೇಲೆ ಯಾವ ನೀರು ಹಾಕಿದ್ರೂ ತೇಲ್ಕೊಂಡೇ ಕೂರತ್ತೆ. ಇನ್ನು ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಬಂದ್ರೆ ಸಾಂದ್ರತೆ ಕಮ್ಮಿಯಾಗೋದು ಬರೀ 1.5 ಪರ್ಸೆಂಟ್ ಅಷ್ಟು, ಮೇಣ ಅದಕ್ಕಿಂತ ಜಾಸ್ತಿ ಹಿಗ್ಗತ್ತೆ, ಆಟ ಎಲ್ಲ ನಡೆಯೋದು ಆ ಸಣ್ಣ ವ್ಯತ್ಯಾಸದಲ್ಲೇ. ಹಾಗಾಗಿ ನನ್ನ ಪ್ರಕಾರ ಯಾವ ದ್ರವ ಒಳ್ಳೇದು ಅನ್ನೋ ಪ್ರಶ್ನೆಗೆ ಅರ್ಥ ಒಂದೇ: ಯಾವುದ್ರಲ್ಲಿ ಹನಿ ಹನಿಯಾಗಿ ಹದ ಮಾಡ್ಕೊಳ್ಳೋಕೆ ಆಗತ್ತೆ?

ಕ್ಲೀನ್ ಮಾಡೋದು ಎಲ್ಲದಕ್ಕೂ ಒಂದೇ. ಮೇಣ ಪೂರ್ತಿ ಗಟ್ಟಿಯಾಗಿ ತಳದಲ್ಲಿ ಕೂತಿರೋವಾಗ ಮುಚ್ಚಳ ತೆಗೆದು ಹಳೇ ನೀರು ಬಗ್ಗಿಸಿ, ತಣ್ಣನೆ ಡಿಸ್ಟಿಲ್ಡ್ ವಾಟರ್ ಗೋಡೆ ಮೇಲಿಂದ ಇಳಿಯೋ ಹಾಗೆ ಹಾಕಿ ಮೆತ್ತಗೆ ತಿರುಗಿಸಿ ಚೆಲ್ಲೋದು, ನೊರೆ ಬರೋದು ನಿಲ್ಲೋವರೆಗೆ. ಅಲುಗಾಡಿಸಂಗಿಲ್ಲ. ನಲ್ಲಿ ನೀರು ಬೇಡ, ಅದರಲ್ಲಿರೋ ಖನಿಜನೇ ನಾಳೆ ಮತ್ತೆ ಮಬ್ಬು ಮಾಡೋದು. ತಳದಲ್ಲಿರೋ ಸ್ಪ್ರಿಂಗ್‌ನ ಹಾಗೇ ಬಿಡಿ, ಕೆಳಗಿಳಿದ ಮೇಣದ ಉಂಡೆಗಳು ಒಡೆದು ಮತ್ತೆ ಒಂದಾಗೋದು ಅದರಿಂದಾನೇ.

ಈಗ ಉಪ್ಪು. ಇದ್ರಲ್ಲಿ ಎರಡು ಪಾರ್ಟಿ ಇದೆ, ಅಡುಗೆ ಉಪ್ಪು, ಎಪ್ಸಮ್ ಸಾಲ್ಟು. ಅಡುಗೆ ಉಪ್ಪಲ್ಲೂ ಮೇಣ ಏಳತ್ತೆ ಇಳಿಯತ್ತೆ, ಆದ್ರೆ ಗಂಟು ಕಟ್ಟದೇ ಇರ್ಲಿ ಅಂತ ಅದಕ್ಕೆ ಬೆರೆಸಿರೋ ಪುಡಿ ಕರಗದೇ ನೀರನ್ನ ಮಂಕು ಮಾಡತ್ತೆ, ಜೊತೆಗೆ ಕ್ಲೋರೈಡು ಸ್ಪ್ರಿಂಗಿಗೆ ತುಕ್ಕು ಹಿಡಿಸೋದ್ರಲ್ಲಿ ಎತ್ತಿದ ಕೈ. ಅದನ್ನ ಬೇಗ ಖಾಲಿ ಮಾಡ್ದೆ. ಎಪ್ಸಮ್ ಅಂದ್ರೆ ಮೆಗ್ನೀಸಿಯಮ್ ಸಲ್ಫೇಟ್, ಇದು ಕನ್ನಡಿ ತರ ತಿಳಿಯಾಗಿ ಕರಗತ್ತೆ. ಬಾಟ್ಲಿಗೆ ಡಿಸ್ಟಿಲ್ಡ್ ವಾಟರ್ ತುಂಬ್ಸಿ, ಬಣ್ಣ ಇಲ್ಲದ ಡಿಶ್‌ವಾಶ್ ಲಿಕ್ವಿಡ್ ಒಂದೋ ಎರಡೋ ಹನಿ ಹಾಕಿ, ಲ್ಯಾಂಪ್ ಆನ್ ಮಾಡಿ, ಮೇಣ ಪೂರ್ತಿ ಕರಗಿ ತಳದಲ್ಲಿ ಗುಡ್ಡೆ ತರ ಉಬ್ಬಿ ನಿಂತ ಮೇಲೆ ಶುರು ಅಸಲಿ ಕೆಲಸ. ಬೇರೆ ಲೋಟದಲ್ಲಿ ಬಿಸಿನೀರಿಗೆ ಎಪ್ಸಮ್ ಕರಗೋವಷ್ಟು ಕರಗಿಸಿಟ್ಕೊಂಡು ಸಿರಿಂಜಲ್ಲಿ ಸ್ವಲ್ಪ ಸ್ವಲ್ಪ ಮೇಲಿಂದ ಬಿಡೋದು. ಆ ಗಟ್ಟಿ ಉಪ್ಪುನೀರು ಸಾದಾ ನೀರಿಗಿಂತ ಭಾರ, ಇಳಿಯೋವಾಗ ಬಾಟ್ಲು ಒಳಗೆ ಬೆಳಕು ನಡುಗೋ ಥರ ಎಳೆ ಎಳೆಯಾಗಿ ಕಾಣತ್ತೆ, ಸೀದಾ ಹೋಗಿ ಮೇಣದ ಮೇಲೆ ಕೂರತ್ತೆ, ಮೇಣ ತಟಕ್ಕನೆ ಮೇಲೆ ಹಾರತ್ತೆ. ಆಹಾ ಆಯ್ತು ಅಂದ್ಕೋಬೇಡಿ, ಅದು ಸುಳ್ಳು ಏಳುವಿಕೆ, ಉಪ್ಪು ಇನ್ನೂ ಪೂರ್ತಿ ಬೆರೆತಿಲ್ಲ, ಸ್ವಲ್ಪ ಹೊತ್ತಾದ್ಮೇಲೆ ಮೇಣ ಮತ್ತೆ ತಳಕ್ಕೆ ಬರತ್ತೆ. ಹಾಕು, ಕಾಯಿ, ನೋಡು, ಮತ್ತೆ ಹಾಕು. ಒಂದು ಹಂತದಲ್ಲಿ ಗುಡ್ಡೆ ಕತ್ತು ಉದ್ದ ಮಾಡಿ, ಸಣ್ಣಗಾಗಿ, ಕಿತ್ತು ಮೇಲೆ ಹೋಗಿ, ತಣ್ಣಗಾಗಿ, ಸುಸ್ತಾದವರ ಹಾಗೆ ನಿಧಾನಕ್ಕೆ ಇಳಿಯತ್ತೆ, ಅಲ್ಲಿಗೆ ನಿಲ್ಲಿಸ್ಬೇಕು. ದಾಟಿ ಹೋಗಿ ಮೇಣ ಎಲ್ಲ ಮೇಲೇ ಕೂತ್ರೆ ಒಂದಷ್ಟು ದ್ರವ ಸಿರಿಂಜಲ್ಲಿ ಎಳೆದು ಸಾದಾ ಡಿಸ್ಟಿಲ್ಡ್ ವಾಟರ್ ಬಿಟ್ರೆ ವಾಪಸ್ ಹದಕ್ಕೆ ಬರತ್ತೆ. ಹೆಚ್ಚು ಕಮ್ಮಿ ಎರಡೂ ಕಡೆ ತಿದ್ದೋ ಈ ಅನುಕೂಲ ಇನ್ಯಾವುದ್ರಲ್ಲೂ ಇಷ್ಟು ಚೆನ್ನಾಗಿಲ್ಲ.

ಎಪ್ಸಮ್‌ನ ಜೊತೆ ಮೈ ತೊಳೆಯೋ ಸೋಪು ಕರಗಿಸಿ ಹಾಕೋ ಐಡಿಯಾ ಬಂದ್ರೆ ಅಲ್ಲೇ ಬಿಟ್ಬಿಡಿ, ಮೆಗ್ನೀಸಿಯಮ್ ಅಂದ್ರೆ ಗಡಸು ನೀರೇ ಅಲ್ವಾ, ಸೋಪು ಒಡೆದು ಗಷ್ಟು ಕಟ್ಟತ್ತೆ. ಡಿಟರ್ಜೆಂಟ್ ಜಾತಿಯ ಲಿಕ್ವಿಡ್ಡೇ ಬೇಕು. ಅದರಲ್ಲೂ ಕೈ ಬಿಗಿ ಹಿಡೀಬೇಕು, ಕಮ್ಮಿಯಾದ್ರೆ ಮೇಣ ಗಾಜಿಗೆ ಅಂಟತ್ತೆ, ಜಾಸ್ತಿಯಾದ್ರೆ ದೊಡ್ಡ ಉಂಡೆ ಬದಲು ನೂರಾರು ಸಣ್ಣ ಮಣಿ ಆಗಿ ಒಂದಕ್ಕೊಂದು ಸೇರೋದೇ ಇಲ್ಲ.

ಪ್ರೊಪೈಲೀನ್ ಗ್ಲೈಕಾಲ್ ನೋಡೋಕೆ ರಾಯಲ್ಲು. ನೀರಿಗಿಂತ ಸ್ವಲ್ಪ ಭಾರ, 1.036 ಅಷ್ಟು, ಡಿಸ್ಟಿಲ್ಡ್ ವಾಟರ್ ಜೊತೆ ಎಷ್ಟು ಬೇಕಾದ್ರೂ ಬೆರೆಯತ್ತೆ, ಮಬ್ಬಾಗಲ್ಲ, ಸ್ಪ್ರಿಂಗಿಗೆ ಉಪ್ಪಿನಷ್ಟು ಕಾಟ ಕೊಡಲ್ಲ, ಪ್ರಮಾಣ ಜಾಸ್ತಿ ಇದ್ರೆ ಪಾಚಿ ಬ್ಯಾಕ್ಟೀರಿಯಾ ಬೆಳೆಯೋಕೂ ಬಿಡಲ್ಲ. ತಿಳಿತನದಲ್ಲಿ ಇದೇ ಫಸ್ಟು, ಅನುಮಾನನೇ ಬೇಡ. ಆದ್ರೆ ಕೈಗೆ ಎಣ್ಣೆ ಎಣ್ಣೆ ಅನ್ಸೋ ಮಂದ ದ್ರವ, ಮೇಣದ ಓಡಾಟನೂ ಅದಕ್ಕೆ ತಕ್ಕ ಹಾಗೆ ನಿಧಾನ, ಉಂಡೆ ದೊಡ್ಡದು, ಸೋಮಾರಿ ನಡಿಗೆ. ಇನ್ನೊಂದು, ಗ್ಲೈಕಾಲ್ ಬಿಸಿಗೆ ನೀರಿಗಿಂತ ಜಾಸ್ತಿ ಹಿಗ್ಗೋದ್ರಿಂದ ಮೇಣಕ್ಕೂ ದ್ರವಕ್ಕೂ ಇರೋ ವ್ಯತ್ಯಾಸ ಇನ್ನೂ ಕಮ್ಮಿ ಆಗತ್ತೆ, ಸ್ಟಾರ್ಟ್ ಆಗೋಕೇ ಟೈಮ್ ತಗೊಳ್ಳತ್ತೆ. ಮೇಣ ತುಂಬಾ ಭಾರದ್ದಾದ್ರೆ ಗ್ಲೈಕಾಲ್ ಎಷ್ಟು ಸುರಿದ್ರೂ ಏಳಿಸೋಕಾಗಲ್ಲ, ಯಾಕಂದ್ರೆ ಅದರ ಲಿಮಿಟ್ಟೇ 1.04 ಆಸುಪಾಸು, ಉಪ್ಪುನೀರಿಗೆ ಆ ಕಟ್ಟುಪಾಡಿಲ್ಲ. ಮತ್ತೆ ದಯವಿಟ್ಟು ಎಥಿಲೀನ್ ಗ್ಲೈಕಾಲ್ ಜೊತೆ ಕನ್‌ಫ್ಯೂಸ್ ಮಾಡ್ಕೋಬೇಡಿ, ಕಾರ್ ರೇಡಿಯೇಟರ್ ಕೂಲೆಂಟಲ್ಲಿ ಇರೋದು ಸಾಮಾನ್ಯವಾಗಿ ಅದು, ರುಚಿ ಸಿಹಿ, ಆದ್ರೆ ವಿಷ, ಮಕ್ಕಳು ನಾಯಿ ಬೆಕ್ಕು ಇರೋ ಮನೆಲಿ ಅಂತೂ ಬೇಡ್ವೇ ಬೇಡ.

ರೆಡಿಮೇಡ್ ಕಿಟ್ ಬಗ್ಗೆ ಹೆಚ್ಚು ಹೇಳೋಕೇನಿಲ್ಲ. ಒಂದು ಚಿಕ್ಕ ಬಾಟ್ಲು ಸಾಂದ್ರ ದ್ರವ, ಒಂದು ಬಣ್ಣ, ಡಿಸ್ಟಿಲ್ಡ್ ವಾಟರ್ ನಮ್ಮದು. ಒಳಗೇನಿದೆ ಅಂತ ಚೀಟಿಲಿ ಬರೆದಿರ್ಲಿಲ್ಲ, ಅದೇ ನನಗೆ ಹಿಡಿಸದೇ ಇದ್ದಿದ್ದು. ಜೊತೆಗೆ ಎಲ್ಲಾನೂ ಒಟ್ಟಿಗೆ ಸುರೀರಿ ಅನ್ನೋ ಸೂಚನೆ ಬೇರೆ, ನನ್ನ ಲ್ಯಾಂಪಿನ ಮೇಣ ಅದರ ಲೆಕ್ಕಕ್ಕೆ ಹೊಂದಲಿಲ್ಲ, ಹೋಗಿ ಮುಚ್ಚಳಕ್ಕೆ ಅಂಟ್ಕೊಂಡು ಕೂತ್ಬಿಡ್ತು, ಕೊನೆಗೆ ಸಾದಾ ನೀರು ಬೆರೆಸಿ ಇಳಿಸಿದ್ದಾಯ್ತು. ಅಂದ್ರೆ ಸಿರಿಂಜ್ ಹಿಡಿಯೋ ಕೆಲಸ ಇದ್ರಲ್ಲೂ ತಪ್ಪಲಿಲ್ಲ. ಹದಕ್ಕೆ ಬಂದ್ಮೇಲೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು, ಉಂಡೆಗಳು ನುಣ್ಣಗೆ, ಗಾಜಿಗೆ ಒಂದು ಕಲೆ ಇಲ್ಲ. ನಿಮ್ಮ ಲ್ಯಾಂಪಿನ ಅದೇ ಮಾಡೆಲ್‌ಗೆ ಅಂತ ಮಾಡಿರೋ ಕಿಟ್ ಸಿಕ್ರೆ ತಗೊಳ್ಳಿ, ಎಲ್ಲಾ ಲ್ಯಾಂಪಿಗೂ ಆಗತ್ತೆ ಅನ್ನೋದನ್ನ ನಂಬಬೇಡಿ.

ಇನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತೆ ಬೇಬಿ ಆಯಿಲ್. ಇದು ರಿಪೇರಿ ಅಲ್ಲ, ಮೇಣನೂ ತೆಗೆದು ಹಾಕಿ ಹೊಸದಾಗೇ ಮಾಡೋದು. 91 ಪರ್ಸೆಂಟ್ ಆಲ್ಕೋಹಾಲಲ್ಲಿ ಮಿನರಲ್ ಆಯಿಲ್ ಮುಳುಗತ್ತೆ, 70 ಪರ್ಸೆಂಟಿನದ್ರಲ್ಲಿ ತೇಲತ್ತೆ, ಎರಡನ್ನೂ ಬೆರೆಸ್ತಾ ನಡುವಿನ ಹದ ಹುಡುಕೋದು. ಐಡಿಯಾ ಚೆಂದ, ಎಣ್ಣೆ ಯಾವಾಗ್ಲೂ ದ್ರವನೇ ಆಗಿರೋದ್ರಿಂದ ಕರಗೋವರೆಗೂ ಕಾಯೋ ತಲೆನೋವಿಲ್ಲ, ಸಣ್ಣ ಸೀಸೆಲಿ ಮಾಡಿ ಬೆಚ್ಚಗಿನ ನೀರಲ್ಲಿಟ್ರೆ ಸಾಕು, ಆಡೋಕೆ ಶುರು. ಆದ್ರೆ ಅದನ್ನ ಬಿಸಿ ಬಲ್ಬ್ ಮೇಲೆ ಲೀಟರ್‌ಗಟ್ಲೆ ಇಡೋದು ಅಂದ್ರೆ ಬೆಂಕಿ ಜೊತೆ ಸರಸ, ರೂಮಿನ ಮಾಮೂಲಿ ಶಾಖದಲ್ಲೇ ಅದರ ಆವಿ ಹೊತ್ಕೊಳ್ಳೋ ಜಾತಿ ಅದು, ಗಾಜು ಬಿರುಕು ಬಿಟ್ರೆ ಕಥೆ ಮುಗೀತು. ನಾನು ಸೀಸೆಗೇ ನಿಲ್ಲಿಸ್ದೆ. ಎಣ್ಣೆ, ನೀರು ಇರೋ ಸೀಸೆಗೆ ನೊರೆ ಬರೋ ಗುಳಿಗೆ ಹಾಕಿ ಗುಳ್ಳೆ ಬರ್ಸೋದನ್ನ ಮಕ್ಕಳಿಗೆ ತೋರ್ಸೋಕೆ ಇಟ್ಕೊಳ್ಳಿ, ಅದು ಲಾವಾ ಲ್ಯಾಂಪೇ ಅಲ್ಲ.

ಹಾಗಾದ್ರೆ ನನ್ನ ಬಾಟ್ಲಿಲಿ ಈಗ ಏನಿದೆ? ಎಪ್ಸಮ್ಮೇ, ಜೊತೆಗೆ ಚೂರೇ ಚೂರು ಗ್ಲೈಕಾಲ್. ಆಟದಲ್ಲಿ ಎಪ್ಸಮ್ ಮುಂದೆ, ತಿಳಿತನದಲ್ಲಿ ಗ್ಲೈಕಾಲ್ ಮುಂದೆ, ಎರಡನ್ನೂ ಸ್ವಲ್ಪ ಸ್ವಲ್ಪ ಸೇರ್ಸಿ ಕೊನೇ ಹದ ಮಾತ್ರ ಎಪ್ಸಮ್ ಹನಿಯಿಂದ ಮಾಡೋದು ನನಗೆ ಒಗ್ಗಿದ ದಾರಿ. ನಿಮಗೆ ನಿಧಾನದ ದೊಡ್ಡ ಉಂಡೆನೇ ಇಷ್ಟ ಅಂದ್ರೆ ಗ್ಲೈಕಾಲ್ ಜಾಸ್ತಿ ಮಾಡ್ಕೊಳ್ಳಿ, ಅದು ರುಚಿಯ ವಿಷಯ.

ಬಲ್ಬ್ ಕೂಡ ಬದಲಾಯಿಸಿ ನೋಡ್ದೆ, ಯಾಕಂದ್ರೆ ಎಷ್ಟೋ ಸಲ ತಪ್ಪು ದ್ರವದ್ದಲ್ಲ, ಬಲ್ಬಿಂದು. ಎಲ್‌ಇಡಿ ಹಾಕಿದ್ರೆ ಬೆಳಕು ಬರತ್ತೆ, ಮೇಣ ಮಾತ್ರ ಕಲ್ಲು, ಅದು ಮಿಸುಕಾಡೋವಷ್ಟು ಶಾಖ ಅದ್ರಲ್ಲಿಲ್ಲ. ಹಳೇ ಕಾಲದ ತಂತಿ ಬಲ್ಬೇ ಬೇಕು, ಸಾಮಾನ್ಯವಾಗಿ ಸಣ್ಣ ಲ್ಯಾಂಪಿಗೆ 25 ವ್ಯಾಟ್, ದೊಡ್ಡದಕ್ಕೆ 40, ಬುಡದಲ್ಲಿ ಬರೆದಿರತ್ತೆ, ಅದನ್ನ ಮೀರಬೇಡಿ. ಜಾಸ್ತಿ ಬಿಸಿಯಾದ್ರೆ ಮೇಣ ಸಣ್ಣ ಸಣ್ಣ ಚೂರಾಗಿ ಮೇಲೇ ಗುಂಪು ಕಟ್ಟತ್ತೆ, ಆಗ ಉಪ್ಪನ್ನ ಬೈಯ್ಯೋ ಬದಲು ಒಂದು ಡಿಮ್ಮರ್ ಹಾಕಿ. ಬೇಗ ಬಿಸಿಯಾಗ್ಲಿ ಅಂತ ಒಲೆ ಮೇಲೆ ಇಡೋದಂತೂ ಕನಸಲ್ಲೂ ಬೇಡ, 2004ರಲ್ಲಿ ಅಮೆರಿಕಾದ ವಾಷಿಂಗ್ಟನ್ ರಾಜ್ಯದ ಕೆಂಟ್‌ನಲ್ಲಿ ಒಬ್ಬ ಯುವಕ ಹಾಗೆ ಮಾಡಿ, ಲ್ಯಾಂಪ್ ಸಿಡಿದು ಗಾಜಿನ ಚೂರು ಎದೆಗೆ ಹೊಕ್ಕು ಸತ್ತೇ ಹೋದ. ಮುಚ್ಚಳ ಹಾಕೋವಾಗ್ಲೂ ಇದೇ ಕಾರಣಕ್ಕೆ ಮೇಲೆ ಒಂದೆರಡು ಬೆರಳಷ್ಟು ಜಾಗ ಖಾಲಿ ಬಿಡಬೇಕು, ಬಿಸಿಗೆ ಹಿಗ್ಗಿದ ದ್ರವಕ್ಕೆ ಹೋಗೋಕೆ ಜಾಗ ಬೇಕಲ್ಲ. ಸೋಡಾ ಬಾಟ್ಲಿ ತರದ ಕ್ರೌನ್ ಕ್ಯಾಪ್ ಇದ್ರೆ ಕೈಲಿ ಒತ್ತೋ ಕ್ಯಾಪರ್ ಸಾಕು, ಆದ್ರೆ ಬಾಟ್ಲು ಪೂರ್ತಿ ತಣ್ಣಗಾದ್ಮೇಲೆ.

ಬಣ್ಣ ಎಲ್ಲಕ್ಕಿಂತ ಕೊನೆಗೆ, ಹದ ಎಲ್ಲ ಆದ್ಮೇಲೆ, ನೀರಲ್ಲಿ ಕರಗೋ ಫುಡ್ ಕಲರ್ ಒಂದೇ ಹನಿ. ಮೊದಲೇ ಹಾಕಿದ್ರೆ ನೀರು ತಿಳಿಯಾಗಿದ್ಯೋ ಮಬ್ಬಾಗಿದ್ಯೋ ಅಂತಾನೇ ಗೊತ್ತಾಗಲ್ಲ, ಮತ್ತೆ ಕಿಟಕಿ ಬಿಸಿಲು ಬೀಳೋ ಜಾಗದಲ್ಲಿಟ್ರೆ ಆ ಬಣ್ಣನೂ ಹಳೇದರ ದಾರಿನೇ ಹಿಡಿಯತ್ತೆ.